ಖಾತರಿ ಪತ್ರದ ಓದು, ದೂರು ಪತ್ರದ ಬರಹ
ಪ್ರೌಢಶಾಲಾ ತರಗತಿಗಳಿಗೆ ವ್ಯಾವಹಾರಿಕ ಕನ್ನಡದ ಒಂದು ಪಾಠಘಟಕ

ಪಾಠದ ಉದ್ದೇಶ

ಪತ್ರಲೇಖನವೆಂದೊಡನೆ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ರಜೆಯ ಅರ್ಜಿ, ಗೆಳೆಯನಿಗೆ ಬರೆಯುವ ಪ್ರವಾಸದ ವರ್ಣನೆ. ಇವು ಬೇಕಾದವುಗಳೇ. ಆದರೆ ಹಣ ಕೊಟ್ಟು ಕೊಂಡ ವಸ್ತು ಕೆಟ್ಟಾಗ ಅದಕ್ಕೆ ಹೊಣೆ ಯಾರು, ಆ ಹೊಣೆಯ ಮಿತಿಯೆಷ್ಟು, ಅದನ್ನು ಕೇಳಿ ಪಡೆಯುವುದು ಹೇಗೆ ಎಂಬುದನ್ನು ಬರಹದಲ್ಲಿ ನಿರ್ವಹಿಸುವ ಶಕ್ತಿ ಮಾತೃಭಾಷೆಯ ಶಿಕ್ಷಣದಿಂದಲೇ ಬರಬೇಕು. ಗಡಿನಾಡಿನ ಕನ್ನಡ ಮನೆಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಖಾತರಿ ಪುಸ್ತಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಸೇವಾ ಕೇಂದ್ರದ ಮಾತು ಮಲೆಯಾಳದಲ್ಲಿ ನಡೆಯುತ್ತದೆ, ಮನೆಯಲ್ಲಿ ವಿಚಾರ ಮಾಡುವುದು ಕನ್ನಡದಲ್ಲಿ. ಮೂರು ಭಾಷೆಗಳ ನಡುವೆ ಹಕ್ಕು ಜಾರಿ ಹೋಗದಂತೆ ನೋಡಿಕೊಳ್ಳುವುದು ಈ ಘಟಕದ ಗುರಿ.

ಉದಾಹರಣೆಗೆ ಹೈಬ್ರಿಡ್ ಕಾರಿನ ಬ್ಯಾಟರಿಯನ್ನು ಆರಿಸಲಾಗಿದೆ. ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡರಿಂದಲೂ ಓಡುವ ಇಂಥ ಕಾರು 1997ರಲ್ಲಿ ಜಪಾನಿನ ಟೊಯೊಟಾ ಪ್ರಿಯಸ್ ಮೂಲಕ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ಬೆಂಗಳೂರಿನ ಸಮೀಪದ ಬಿಡದಿಯಲ್ಲಿಯೇ ಅಂಥ ಕಾರುಗಳು ತಯಾರಾಗುತ್ತಿವೆ. ಇದರ ಬ್ಯಾಟರಿ ಬಹು ದುಬಾರಿ. ಒಂದು ಕುಟುಂಬದ ಹಲವು ತಿಂಗಳ ಉಳಿತಾಯ ಅದರೊಂದಿಗೆ ಹೋಗಬಹುದು. ಆದುದರಿಂದ ಪತ್ರದ ಒಂದು ವಾಕ್ಯಕ್ಕೆ ಎಷ್ಟು ತೂಕವಿದೆಯೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಸುಲಭವಾಗಿ ಮನಗಾಣುತ್ತಾರೆ.

ಅಧ್ಯಾಪಕರು ತಿಳಿದಿರಬೇಕಾದ ಹಿನ್ನೆಲೆ

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು, ಎಲ್ಲ ಕಾರುಗಳಲ್ಲಿಯೂ ಇರುವ 12 ವೋಲ್ಟಿನ ಚಿಕ್ಕ ಬ್ಯಾಟರಿ. ಇನ್ನೊಂದು, ಮೋಟಾರನ್ನು ನಡೆಸುವ ಅಧಿಕ ವೋಲ್ಟಿನ ದೊಡ್ಡ ಬ್ಯಾಟರಿ. ಇವೆರಡರ ಖಾತರಿ ಬೇರೆ ಬೇರೆ. ಚಿಕ್ಕದಕ್ಕೆ ಅವಧಿ ಕಡಿಮೆ. ದೂರಿನಲ್ಲಿ ಬರಿಯ "ಬ್ಯಾಟರಿ" ಎಂದು ಬರೆದರೆ ಉತ್ತರವೂ ತಪ್ಪು ಬ್ಯಾಟರಿಗೇ ಸಂಬಂಧಿಸಿ ಬರಬಹುದು.

ಎರಡನೆಯ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯಲ್ಲಿ 28 ಘಟಕಗಳಿದ್ದುವು. ಒಂದೊಂದು ಘಟಕದಲ್ಲಿ 1.2 ವೋಲ್ಟಿನ ಆರು ಕೋಶಗಳು. ಹೀಗೆ 168 ಕೋಶಗಳು ಸರಣಿಯಲ್ಲಿ ಜೋಡಣೆಗೊಂಡು 201.6 ವೋಲ್ಟ್ ಆಗುತ್ತಿತ್ತು. ಸರಣಿ ಜೋಡಣೆಯಲ್ಲಿ ಒಂದು ಘಟಕ ಸೊರಗಿದರೆ ಇಡೀ ಸಾಲೇ ಸೊರಗುತ್ತದೆ. ಕಾರಿನ ಗಣಕವು ಘಟಕಗಳ ವೋಲ್ಟೇಜನ್ನು ಸದಾ ಹೋಲಿಸಿ ನೋಡುತ್ತ, ಅಂತರವು ಮಿತಿ ಮೀರಿದಾಗ ಎಚ್ಚರಿಕೆಯ ದೀಪ ಹೊತ್ತಿಸಿ ಒಂದು ಸಂಕೇತವನ್ನು ದಾಖಲಿಸುತ್ತದೆ. ಪಿ0ಎ80 ಎಂಬುದು ಬ್ಯಾಟರಿಯನ್ನು ಬದಲಾಯಿಸಬೇಕೆಂದು ಸೂಚಿಸುವ ಪರಿಚಿತ ಸಂಕೇತ.

ಆದರೆ ದೀಪ ಹೊತ್ತಿಕೊಳ್ಳುವುದಕ್ಕೆ ಮುಂಚೆಯೇ ಲಕ್ಷಣಗಳು ಕಾಣಿಸಿಕೊಳ್ಳುವುದುಂಟು: ಚಾರ್ಜಿನ ಸೂಚಕ ಕೆಲವೇ ನಿಮಿಷಗಳಲ್ಲಿ ತುಂಬಿ ಕೆಲವೇ ನಿಮಿಷಗಳಲ್ಲಿ ಇಳಿಯುವುದು, ತಣಿಸುವ ಫ್ಯಾನು ಹೆಚ್ಚು ಸದ್ದು ಮಾಡುವುದು, ಕಾರು ನಿಂತಿದ್ದಾಗಲೂ ಎಂಜಿನ್ ಪದೇ ಪದೇ ಚಾಲೂ ಆಗುವುದು, ಮೈಲೇಜು ಇಳಿಯುವುದು. ಮೈಲೇಜು ಇಳಿಯಲು ಟಯರಿನ ಗಾಳಿ ಕಡಿಮೆಯಾದುದೂ ಕಾರಣವಾಗಬಹುದು. ಆದುದರಿಂದ ಒಂದು ಲಕ್ಷಣದಿಂದ ತೀರ್ಮಾನಕ್ಕೆ ಬರಬಾರದು; ಎಲ್ಲವನ್ನೂ ದಿನಾಂಕದೊಡನೆ ಬರೆದಿಡಬೇಕು.

ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಹರಿಯುತ್ತದೆ. ಯಾರೂ ಅದನ್ನು ಬಿಚ್ಚಿ ನೋಡಬಾರದೆಂದು ತರಗತಿಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಪದಗಳ ವಿಚಾರ

"ವಾರಂಟು" ಎಂದರೆ ಹಳ್ಳಿಯ ಮಾತಿನಲ್ಲಿ ಪೋಲೀಸರು ತರುವ ಕಾಗದ. "ವಾರಂಟಿ" ಅದಲ್ಲ. ತಯಾರಕನು ತನ್ನ ವಸ್ತುವಿನ ಬಗ್ಗೆ ಕಾಲ ಮತ್ತು ಬಳಕೆಯ ಮಿತಿಗೊಳಪಟ್ಟು ಹೊರುವ ಹೊಣೆ ಅದು. ಕನ್ನಡದಲ್ಲಿ ಖಾತರಿ, ಭರವಸೆ, ಹೊಣೆ ಎಂಬ ಮಾತುಗಳಿವೆ. ಭರವಸೆಯನ್ನು ಬಾಯಿಮಾತಿನಲ್ಲಿಯೂ ಕೊಡಬಹುದು. ಖಾತರಿಗೆ ಬರಹದ ಆಧಾರ ಬೇಕು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು.

ದೋಷ ಮತ್ತು ಸವೆತ ಇನ್ನೊಂದು ಜೋಡಿ. ತಯಾರಿಕೆಯಲ್ಲಿಯೋ ಸಾಮಗ್ರಿಯಲ್ಲಿಯೋ ಇದ್ದ ಕೊರತೆ ದೋಷ. ಬಳಸುತ್ತ ಬಳಸುತ್ತ ಕುಂದುವುದು ಸವೆತ. ಖಾತರಿಯು ದೋಷಕ್ಕೆ ಅನ್ವಯಿಸುತ್ತದೆ. ಸಹಜ ಸವೆತವನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಬ್ಯಾಟರಿ ವಿವಾದಗಳು ಹೆಚ್ಚಾಗಿ ಹುಟ್ಟುವುದು ಈ ಎರಡು ಪದಗಳ ನಡುವಣ ಗಡಿಯಲ್ಲಿ.

ಮೂರನೆಯದು ಹಕ್ಕು ಮತ್ತು ಅನುಗ್ರಹ. ಅವಧಿಯೊಳಗೆ ದೊರೆಯುವ ಬದಲಿ ಬ್ಯಾಟರಿ ಹಕ್ಕಿನದು. ಅವಧಿ ಮುಗಿದ ಮೇಲೆ ತಯಾರಕನು ವೆಚ್ಚದ ಒಂದು ಭಾಗವನ್ನು ವಹಿಸಿಕೊಳ್ಳುವುದುಂಟು, ಅದು ಅನುಗ್ರಹ. ಹಕ್ಕನ್ನು ಕೇಳುವ ಪತ್ರದಲ್ಲಿ "ದಯಮಾಡಿ ಸಹಾಯ ಮಾಡಬೇಕು" ಎಂಬ ಧಾಟಿ ಸಲ್ಲದು. ಅನುಗ್ರಹವನ್ನು ಕೋರುವ ಪತ್ರದಲ್ಲಿ "ಕೊಡಲೇಬೇಕು" ಎಂಬ ಧಾಟಿ ಸಲ್ಲದು.

ಒಂದು ವಾಕ್ಯದ ಓದು

ಭಾರತದಲ್ಲಿ ಹೈಬ್ರಿಡ್ ಬ್ಯಾಟರಿಗೆ ದೊರೆಯುವ ಖಾತರಿಯ ಪರಿಚಿತ ಮಿತಿ ಹೀಗಿದೆ: 8 ವರ್ಷ ಅಥವಾ 1,60,000 ಕಿ.ಮೀ., ಇವುಗಳಲ್ಲಿ ಯಾವುದು ಮೊದಲೋ ಅದು. ಈ ವಾಕ್ಯದಲ್ಲಿ "ಅಥವಾ" ಎಂಬುದು ಗ್ರಾಹಕನಿಗೆ ಆಯ್ಕೆಯನ್ನು ಕೊಡುವುದಿಲ್ಲ. ಕೊನೆಯ ನಾಲ್ಕು ಪದಗಳು ಆ ಆಯ್ಕೆಯನ್ನು ಕಿತ್ತುಕೊಳ್ಳುತ್ತವೆ. ಇದನ್ನು ಲೆಕ್ಕದ ಮೂಲಕ ತೋರಿಸಬೇಕು.

ಮೊದಲನೆಯ ಕಾರು: ಕೈಗೆ ಬಂದ ದಿನ 2018 ಜೂನ್ 12. 2026 ಎಪ್ರಿಲ್ 6ರಂದು ಓಡಿದ ದೂರ 1,38,400 ಕಿ.ಮೀ. ದೂರದ ಮಿತಿಗೆ 21,600 ಕಿ.ಮೀ. ಉಳಿದಿದೆ. ಆದರೆ 2026 ಜೂನ್ 11ಕ್ಕೆ ಎಂಟು ವರ್ಷ ತುಂಬುತ್ತದೆ. ಉಳಿದುದು 66 ದಿನ ಮಾತ್ರ. ತಿಂಗಳಿಗೆ ಸುಮಾರು 1,470 ಕಿ.ಮೀ. ಓಡುವ ಈ ಕಾರಿಗೆ ಕಾಲವೇ ಮೊದಲು ಮುಗಿಯುತ್ತದೆ.

ಎರಡನೆಯ ಕಾರು: ಐದು ವರ್ಷಗಳಲ್ಲಿ 1,52,000 ಕಿ.ಮೀ. ಓಡಿದೆ. ಮೂರು ವರ್ಷ ಉಳಿದಂತೆ ಕಂಡರೂ ತಿಂಗಳಿಗೆ ಸುಮಾರು 2,530 ಕಿ.ಮೀ. ಓಡುವುದರಿಂದ, ಉಳಿದ 8,000 ಕಿ.ಮೀ. ಮೂರು ತಿಂಗಳಲ್ಲಿ ತೀರುತ್ತದೆ. ಇಲ್ಲಿ ದೂರವೇ ಮೊದಲು.

ಪ್ರಸಂಗ

ಮೊದಲನೆಯ ಕಾರಿನ ಮಾಲಕರು ಮಂಜೇಶ್ವರದ ಕಡೆಯ ಒಬ್ಬ ನಿವೃತ್ತ ಅಧ್ಯಾಪಕರೆಂದು ಭಾವಿಸೋಣ. ಕಾರನ್ನು ಮಂಗಳೂರಿನಲ್ಲಿ ಕೊಂಡವರು. ಎರಡು ತಿಂಗಳಿಂದ ಚಾರ್ಜಿನ ಸೂಚಕ ಏರಿಳಿಯುತ್ತಿದೆ, ಮೈಲೇಜು ಲೀಟರಿಗೆ 21ರಿಂದ 16 ಕಿ.ಮೀ.ಗೆ ಇಳಿದಿದೆ. ಒಮ್ಮೆ ಗುಡ್ಡದ ಏರಿನಲ್ಲಿ ದೀಪ ಹೊತ್ತಿ, ಮರುದಿನ ತಾನಾಗಿ ಆರಿತು. ಸೇವಾ ಕೇಂದ್ರದ ಸಲಹೆಗಾರರು ಹೇಳುತ್ತಾರೆ: "ಮಾಷ್ಟ್ರೇ, ಗಾಡಿ ಓಡುತ್ತಿದೆಯಲ್ಲ. ದೀಪ ಪುನಃ ಬಂದರೆ ತನ್ನಿ, ಆಗ ನೋಡುವ."

ಈ ಮಾತಿನಲ್ಲಿ ಕೆಡುಕಿನ ಉದ್ದೇಶ ಇರಲೇಬೇಕೆಂದಿಲ್ಲ. ಆದರೆ ಪುನಃ ದೀಪ ಬರುವುದು 67ನೆಯ ದಿನವಾದರೆ ಏನಾಗುತ್ತದೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ. ಅಧ್ಯಾಪಕರು ಇಲ್ಲಿ ಪಾಠವನ್ನು ನಿಲ್ಲಿಸಿ, "ಈಗ ಮಾಷ್ಟ್ರು ಏನು ಮಾಡಬೇಕು?" ಎಂದು ಕೇಳಬೇಕು. "ಜಗಳ ಮಾಡಬೇಕು", "ಬೇರೆ ಮೆಕ್ಯಾನಿಕ್ಕನಿಗೆ ತೋರಿಸಬೇಕು" ಎಂಬ ಉತ್ತರಗಳು ಬಂದೇ ಬರುತ್ತವೆ. ಹೊರಗಿನವರು ಬ್ಯಾಟರಿಯನ್ನು ಬಿಚ್ಚಿದರೆ ಖಾತರಿಯೇ ರದ್ದಾಗುವ ಸಂಭವವಿದೆ. ಗಣಕದ ಸಂಕೇತವನ್ನು ಅಳಿಸಿಹಾಕಿದರೆ ಸಾಕ್ಷ್ಯವೇ ಅಳಿಯುತ್ತದೆ. ಉಳಿಯುವ ದಾರಿ ಒಂದೇ: ಅವಧಿಯೊಳಗೆ ಬರಹದಲ್ಲಿ ದೂರು ಕೊಟ್ಟು ಅದಕ್ಕೆ ಸ್ವೀಕೃತಿ ಪಡೆಯುವುದು.

ಪತ್ರದ ಮಾದರಿ

ದಿನಾಂಕ: 2026 ಎಪ್ರಿಲ್ 6

ಇವರಿಗೆ: ಸೇವಾ ವ್ಯವಸ್ಥಾಪಕರು, ಅಧಿಕೃತ ಸೇವಾ ಕೇಂದ್ರ
ಪ್ರತಿ: ತಯಾರಕ ಸಂಸ್ಥೆಯ ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಹೈಬ್ರಿಡ್ ವ್ಯವಸ್ಥೆಯ ಅಧಿಕ ವೋಲ್ಟಿನ ಬ್ಯಾಟರಿಯ ದೋಷ, ಖಾತರಿ ಅವಧಿಯೊಳಗಿನ ದೂರು

ಮೇಲಿನ ವಿಷಯಕ್ಕೆ ಸಂಬಂಧಿಸಿದ ನನ್ನ ಕಾರನ್ನು 2018 ಜೂನ್ 12ರಂದು ಪಡೆದಿರುತ್ತೇನೆ. ಈ ದಿನ ಅದು ಓಡಿದ ದೂರ 1,38,400 ಕಿ.ಮೀ. ನೋಂದಣಿ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆಯನ್ನು ಕೆಳಗೆ ಕೊಟ್ಟಿದ್ದೇನೆ.

ಫೆಬ್ರವರಿಯಿಂದ ಚಾರ್ಜಿನ ಸೂಚಕ ಅಸಹಜವಾಗಿ ಏರಿಳಿಯುತ್ತಿದೆ. ಮಾರ್ಚ್ 21ರಂದು ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಅದರ ಛಾಯಾಚಿತ್ರವನ್ನು ಲಗತ್ತಿಸಿದೆ. ಎಲ್ಲ ಸರ್ವಿಸುಗಳನ್ನೂ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಲಾಗಿದೆ.

ಆದುದರಿಂದ, (1) ಈ ದೂರನ್ನು ನನ್ನ ಮಾತುಗಳಲ್ಲಿಯೇ ಜಾಬ್ ಕಾರ್ಡಿನಲ್ಲಿ ದಾಖಲಿಸಬೇಕು. (2) ದಾಖಲಾಗಿರುವ ಸಂಕೇತಗಳನ್ನು ಅಳಿಸುವ ಮೊದಲು ಅವುಗಳ ಹಾಗೂ ಘಟಕಗಳ ವೋಲ್ಟೇಜಿನ ಮುದ್ರಿತ ಪ್ರತಿಯನ್ನು ನನಗೆ ಕೊಡಬೇಕು. (3) ಏರುದಾರಿಯಲ್ಲಿ ಓಡಿಸಿ ಪರೀಕ್ಷಿಸಬೇಕು. (4) ದೋಷ ಕಂಡುಬಂದಲ್ಲಿ ಖಾತರಿಯ ಪ್ರಕಾರ ಬ್ಯಾಟರಿಯನ್ನು ಬದಲಾಯಿಸಿಕೊಡಬೇಕು. (5) ನಿರಾಕರಿಸುವುದಾದರೆ ಯಾವ ಷರತ್ತಿನ ಪ್ರಕಾರ ಎಂಬುದನ್ನು ಬರಹದಲ್ಲಿ ತಿಳಿಸಬೇಕು.

ಇಂತಿ, ತಮ್ಮ ವಿಶ್ವಾಸಿ
(ಸಹಿ)

ಪತ್ರದ ಮೇಲಿನ ಚರ್ಚೆ

ಈ ಪತ್ರದಲ್ಲಿ ಸಿಟ್ಟಿನ ಒಂದು ಪದವೂ ಇಲ್ಲ, ಬೇಡಿಕೆಯ ಪದವೂ ಇಲ್ಲ. ಪ್ರತಿಯೊಂದು ವಾಕ್ಯವೂ ಒಂದು ಕೆಲಸ ಮಾಡುತ್ತದೆ. ಎರಡು ಸಂಖ್ಯೆಗಳು ಅವಧಿ ಮುಗಿದಿಲ್ಲವೆಂಬುದನ್ನು ಸ್ಥಾಪಿಸುತ್ತವೆ. "ಅಧಿಕ ವೋಲ್ಟಿನ" ಎಂಬ ವಿಶೇಷಣ ಬ್ಯಾಟರಿಯನ್ನು ಗುರುತಿಸುತ್ತದೆ. ಸರ್ವಿಸಿನ ವಾಕ್ಯ ಮುಂದೆ ಬರಬಹುದಾದ ಆಕ್ಷೇಪಕ್ಕೆ ಉತ್ತರ: ಹಲವು ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವ ಗಾಳಿ ಹಿಂದಿನ ಸೀಟಿನ ಬಳಿಯ ಕಿಂಡಿಯಿಂದ ಹೋಗುತ್ತದೆ, ಅದರ ಜಾಲರಿಯಲ್ಲಿ ಧೂಳು ತುಂಬಿದ್ದರೆ "ಮಾಲಕರ ಅಲಕ್ಷ್ಯ" ಎನ್ನಲು ಎಡೆಯಾಗುತ್ತದೆ. ಐದನೆಯ ಕೋರಿಕೆ ಬಾಯಿಮಾತಿನ "ಆಗುವುದಿಲ್ಲ" ಎಂಬುದನ್ನು ಲಿಖಿತ ಕಾರಣವನ್ನಾಗಿ ಮಾಡುತ್ತದೆ.

ಪತ್ರ ಕೊಟ್ಟೊಡನೆ ಹೊಸ ಬ್ಯಾಟರಿ ಬಂದೇ ಬರುತ್ತದೆಂದು ತಿಳಿಯಬಾರದು. ಪರೀಕ್ಷೆಯಲ್ಲಿ ದೋಷ ಸಿದ್ಧವಾಗಬೇಕು. ಪತ್ರವು ಮಾಡುವುದಿಷ್ಟೆ: ದೂರು ಯಾವ ದಿನದ್ದೆಂಬುದನ್ನು ಯಾರೂ ಅಲ್ಲಗಳೆಯದಂತೆ ನಿಲ್ಲಿಸುತ್ತದೆ. ಬ್ಯಾಟರಿಯನ್ನು ಬದಲಾಯಿಸಿಕೊಟ್ಟರೆ ಆ ಹೊಸದರ ಖಾತರಿ ಎಂದಿನ ವರೆಗೆ ಎಂಬುದನ್ನೂ ಬರಹದಲ್ಲಿ ಕೇಳಬೇಕು. ಹಳೆಯ ಅವಧಿಯ ಉಳಿದ ಭಾಗ ಮಾತ್ರ ದೊರೆಯುವುದು ಸಾಮಾನ್ಯ.

ಯಾವ ಭಾಷೆಯಲ್ಲಿ ಬರೆಯಬೇಕು?

ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಅಹವಾಲಿನ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಈ ಹಕ್ಕು ಸರಕಾರಿ ಅಧಿಕಾರಿಗಳ ಮುಂದೆ ಸಲ್ಲುತ್ತದೆ; ಖಾಸಗಿ ಕಂಪೆನಿಯ ಮೇಲೆ ಅದು ಹೊರೆಯಾಗದು. ಆದುದರಿಂದ ಕಂಪೆನಿಗೆ ಬರೆಯುವಾಗ ಮೊದಲು ಕನ್ನಡದಲ್ಲಿ ಯೋಚಿಸಿ ಬರೆದು, ಬಳಿಕ ಅದರ ಇಂಗ್ಲಿಷ್ ರೂಪವನ್ನು ಸಿದ್ಧಪಡಿಸಿ ಕಳುಹಿಸುವುದು ವಿವೇಕ. ಕನ್ನಡದಲ್ಲಿ ಸ್ಪಷ್ಟವಾಗದ ವಿಚಾರ ಇನ್ನೊಂದು ಭಾಷೆಯಲ್ಲಿ ಸ್ಪಷ್ಟವಾಗುವುದಿಲ್ಲ.

ಪತ್ರಕ್ಕೆ ಫಲ ಸಿಗದಿದ್ದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಪರಿಹಾರ ದೊರೆಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಗಡಿನಾಡಿನವರಿಗೆ ಈ ಕಾಯಿದೆಯ 34ನೆಯ ಕಲಮು ಬಹು ಉಪಯುಕ್ತ. ದೂರುದಾರನು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ಆಯೋಗದಲ್ಲಿಯೇ ದೂರು ಕೊಡಲು ಅದು ಅವಕಾಶ ಕೊಡುತ್ತದೆ. ಮಂಗಳೂರಿನಲ್ಲಿ ಕಾರು ಕೊಂಡ ಮಂಜೇಶ್ವರದವರು ಕಾಸರಗೋಡಿನ ಆಯೋಗದಲ್ಲಿಯೇ ನ್ಯಾಯ ಕೇಳಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯಿದೆಯಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡವರಿಗೆ ವಿನಾಯಿತಿಯಿದೆ.

ಚಟುವಟಿಕೆಗಳು

1. ವಿದ್ಯಾರ್ಥಿಗಳು ಮನೆಯಿಂದ ಮಿಕ್ಸಿ, ಫ್ಯಾನು, ಪಂಪುಸೆಟ್ಟು, ಮೊಬೈಲು ಮುಂತಾದ ಯಾವುದಾದರೊಂದರ ಖಾತರಿ ಚೀಟಿಯನ್ನು ತಂದು, ಅವಧಿ, ಹೊರಗಿಟ್ಟ ಭಾಗಗಳು, ಗ್ರಾಹಕನ ಕರ್ತವ್ಯ ಎಂಬ ಮೂರು ಸಾಲುಗಳಲ್ಲಿ ಕನ್ನಡದಲ್ಲಿ ಸಂಗ್ರಹಿಸಲಿ.

2. ಮಾಷ್ಟ್ರು ಮತ್ತು ಸಲಹೆಗಾರರ ಸಂಭಾಷಣೆಯನ್ನು ಜೋಡಿಯಾಗಿ ಮುಂದುವರಿಸಲಿ. ಗೌರವದ ಮಾತು ತಪ್ಪದೆ, ಬೇಡಿಕೆ ಸಡಿಲವಾಗದೆ ಇರಬೇಕು.

3. ಎರಡನೆಯ ಕಾರು ಒಬ್ಬ ಟ್ಯಾಕ್ಸಿ ಚಾಲಕನದೆಂದು ಭಾವಿಸಿ, ಅವನೇ ಅದನ್ನು ಓಡಿಸಿ ಬದುಕುವನೆಂದು ಇಟ್ಟುಕೊಂಡು, ಅವನು ಗ್ರಾಹಕನೇ ಎಂಬುದನ್ನು ಚರ್ಚಿಸಲಿ.

ಮೌಲ್ಯನಿರ್ಣಯ

ಕೊಂಡ ದಿನಾಂಕವನ್ನೂ ಬಳಕೆಯ ಅಳತೆಯನ್ನೂ ಬರೆದಿರುವನೇ? ಕಂಡುದನ್ನೂ ಊಹಿಸಿದುದನ್ನೂ ಬೇರ್ಪಡಿಸಿರುವನೇ? ಬೇಡಿಕೆ ಖಚಿತವಾಗಿದೆಯೇ? ಲಿಖಿತ ಉತ್ತರವನ್ನು ಕೇಳಿರುವನೇ? ಈ ನಾಲ್ಕು ಅಂಶಗಳಿಗೆ ಕಾಗುಣಿತ ಮತ್ತು ಶೈಲಿಯ ಅಂಕಗಳಿಗಿಂತ ಹೆಚ್ಚಿನ ಅಂಕ ಮೀಸಲಾಗಿಡಬೇಕು. ಕಾಗುಣಿತ ತಪ್ಪಿದ ಪತ್ರವೂ ಕೆಲಸ ಮಾಡೀತು. ದಿನಾಂಕವಿಲ್ಲದ ಪತ್ರ ಕೆಲಸಕ್ಕೆ ಬಾರದು. ತಂದೆ ತಾಯಿಯರ ಪರವಾಗಿ ಇಂಥ ಪತ್ರವನ್ನು ಬರೆಯಬಲ್ಲ ಒಬ್ಬ ವಿದ್ಯಾರ್ಥಿ ಒಂದು ಮನೆಗೆ ಒದಗಿದರೆ, ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನವೆಂಬ ಪ್ರಶ್ನೆಗೆ ಆ ಮನೆಯಲ್ಲಿ ಬೇರೆ ಉತ್ತರ ಬೇಕಾಗುವುದಿಲ್ಲ.