ಡಬ್ಬಿಯೊಳಗಿನ ಜೀವಸತ್ವ

ಹೆಚ್ಚಿಟ್ಟ ಸೇಬಿನ ಹೋಳು ಸ್ವಲ್ಪ ಹೊತ್ತಿನಲ್ಲಿಯೇ ಕಂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ನಿಂಬೆಯ ರಸವನ್ನು ಸವರಿದರೆ ಬಣ್ಣ ಬೇಗನೆ ಕೆಡುವುದಿಲ್ಲ. ರಸದ ಹುಳಿಯೊಂದಿಗೆ ಅದರಲ್ಲಿರುವ ‘ಸಿ’ ಜೀವಸತ್ವವೂ ಇದಕ್ಕೆ ಕಾರಣ. ಅದು ಗಾಳಿಯ ಆಮ್ಲಜನಕಕ್ಕೆ ತಾನೇ ತುತ್ತಾಗಿ ಹಣ್ಣನ್ನು ಕಾಪಾಡುತ್ತದೆ. ಚರ್ಮಕ್ಕೆ ಹಚ್ಚುವ ಲೇಪಗಳಲ್ಲಿ ಈ ಜೀವಸತ್ವವನ್ನು ಸೇರಿಸುವುದು ಇದೇ ಗುಣಕ್ಕಾಗಿ. ಲೇಪದೊಳಗೆ ಅದು ಬಹುಕಾಲ ಉಳಿಯದಿರುವುದೂ ಇದೇ ಗುಣದಿಂದಾಗಿ.

ನೀರಿನಲ್ಲಿ ಕರಗಿದ ‘ಸಿ’ ಜೀವಸತ್ವವನ್ನು ಗಾಳಿ, ಬೆಳಕು, ಶಾಖಗಳು ಬೇಗ ಕೆಡಿಸುತ್ತವೆ. ಬಿಳಿಯ ಲೇಪವು ಮೊದಲು ಹಳದಿಯಾಗಿ, ಕ್ರಮೇಣ ಕಂದಾಗುತ್ತದೆ. ಡಬ್ಬಿಯ ಮೇಲಿನ ಹೆಸರು ಮಾತ್ರ ಬದಲಾಗದು! ಅದನ್ನು ನಂಬಿ ಬೆಲೆ ತೆತ್ತವರಿಗೆ ದೊರೆಯುವುದೇನು?

ಇದನ್ನು ಮುಂಚಿತವಾಗಿ ತಿಳಿಯಲು ವಿಜ್ಞಾನಿಗಳು ಲೇಪವನ್ನು ಕಷ್ಟಕ್ಕೆ ಗುರಿಪಡಿಸುತ್ತಾರೆ. ಕೆಲವು ಡಬ್ಬಿಗಳನ್ನು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಕೆಲವನ್ನು ಪ್ರಖರ ಬೆಳಕಿನಲ್ಲಿಯೂ ಇರಿಸುತ್ತಾರೆ. ಇನ್ನು ಕೆಲವನ್ನು ಹೆಪ್ಪುಗಟ್ಟಿಸಿ ಮತ್ತೆ ಕರಗಿಸುತ್ತಾರೆ. ಶಾಖದಲ್ಲಿ ರಾಸಾಯನಿಕ ಕ್ರಿಯೆಗಳು ತೀವ್ರಗೊಳ್ಳುವುದರಿಂದ, ವರ್ಷಗಳಲ್ಲಿ ಆಗುವ ಬದಲಾವಣೆಯ ಸುಳಿವು ಕೆಲವೇ ತಿಂಗಳಲ್ಲಿ ಸಿಗುತ್ತದೆ. ಎಣ್ಣೆಯೂ ನೀರೂ ಬೇರ್ಪಟ್ಟಿವೆಯೇ, ಆಮ್ಲತೆ ಬದಲಾಗಿದೆಯೇ, ಜೀವಸತ್ವ ಎಷ್ಟು ಉಳಿದಿದೆ ಎಂಬುದನ್ನು ಆಗಾಗ ಅಳೆಯುತ್ತಾರೆ. ಕಣ್ಣನ್ನಷ್ಟೇ ನಂಬುವಂತಿಲ್ಲ, ಬಣ್ಣ ಕೆಡುವ ಮೊದಲೇ ಜೀವಸತ್ವ ಕುಂದಿರಬಹುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಶೇಕಡಾ 15ರಷ್ಟು ‘ಸಿ’ ಹಾಗೂ ಶೇಕಡಾ 1ರಷ್ಟು ‘ಇ’ ಜೀವಸತ್ವವಿದ್ದ ದ್ರಾವಣಕ್ಕೆ, ಸಸ್ಯಗಳಲ್ಲಿ ದೊರೆಯುವ ಫೆರುಲಿಕ್ ಆಮ್ಲವನ್ನು ಬೆರೆಸಿದರು. ಜೀವಸತ್ವಗಳೆರಡೂ ಹೆಚ್ಚು ಸ್ಥಿರವಾದವು ಎಂದು 2005ರಲ್ಲಿ ಅವರು ಪ್ರಕಟಿಸಿದರು.

ಉಳಿದುದೆಲ್ಲವೂ ಫಲ ನೀಡುತ್ತದೆಯೇ? ಇದು ಇನ್ನೂ ಕಠಿಣವಾದ ಪ್ರಶ್ನೆ. ಲೇಪದಲ್ಲಿರುವ ಗ್ಲಿಸರಿನ್ ಒಂದೇ ಚರ್ಮವನ್ನು ಮೃದುವಾಗಿಸಬಲ್ಲದು. ಆ ಕೀರ್ತಿ ಸುಲಭವಾಗಿ ಜೀವಸತ್ವದ ಪಾಲಾಗುತ್ತದೆ. ಆದುದರಿಂದ ಜೀವಸತ್ವವುಳ್ಳ ಲೇಪವನ್ನು, ಅದಿಲ್ಲದ ಅದೇ ಲೇಪದೊಡನೆ ಹೋಲಿಸಬೇಕು. 2005ರಲ್ಲಿಯೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 50 ಮಂದಿ ಮಹಿಳೆಯರು ಮುಖದ ಒಂದು ಪಾರ್ಶ್ವಕ್ಕೆ ಶೇಕಡಾ 5ರಷ್ಟು ನಿಯಾಸಿನಮೈಡ್ ಎಂಬ ‘ಬಿ’ ಜೀವಸತ್ವವಿದ್ದ ಲೇಪವನ್ನೂ ಇನ್ನೊಂದಕ್ಕೆ ಬರಿಯ ಲೇಪವನ್ನೂ ದಿನಕ್ಕೆರಡು ಬಾರಿಯಂತೆ 12 ವಾರ ಹಚ್ಚಿಕೊಂಡರು. ಯಾವುದು ಯಾವ ಕಡೆಗೆ ಎಂಬುದು ಅವರಿಗಾಗಲಿ ಪರೀಕ್ಷಕರಿಗಾಗಲಿ ತಿಳಿದಿರಲಿಲ್ಲ. ಅಧ್ಯಯನ ನಡೆಸಿದವರು ಪ್ರಸಾಧನ ತಯಾರಕರ ಕಡೆಯವರೇ ಆದುದರಿಂದ ಈ ಎಚ್ಚರ ತೀರ ಅವಶ್ಯವಾಗಿತ್ತು. ಜೀವಸತ್ವ ಹಚ್ಚಿದ ಪಾರ್ಶ್ವದಲ್ಲಿ ಸುಕ್ಕುಗಳೂ ಕಪ್ಪು ಕಲೆಗಳೂ ಹೆಚ್ಚು ತಗ್ಗಿದವು.

ಚರ್ಮದ ತೇವವನ್ನೂ ಹೀಗೆಯೇ ಎರಡು ಕಡೆಗಳಲ್ಲಿ ಅಳೆಯುವುದುಂಟು. ಒಂದು ಉಪಕರಣ ಚರ್ಮದ ವಿದ್ಯುತ್ ಗುಣದಿಂದ ಅದರೊಳಗಿನ ನೀರನ್ನು ಅಂದಾಜು ಮಾಡಿದರೆ, ಮತ್ತೊಂದು ಚರ್ಮದಿಂದ ಆವಿಯಾಗಿ ಹೋಗುವ ನೀರನ್ನು ಅಳೆಯುತ್ತದೆ. ಬಿಸಿಲಿನಲ್ಲಿ ನಡೆದು ಬಂದವರನ್ನು ಒಡನೆಯೇ ಪರೀಕ್ಷಿಸಿದರೆ ಬೆವರೇ ಲೆಕ್ಕಕ್ಕೆ ಬಂದೀತು! ಅದಕ್ಕಾಗಿ ಅವರನ್ನು ಹದವಾದ ಉಷ್ಣತೆಯ ಕೋಣೆಯಲ್ಲಿ ಕೆಲಕಾಲ ಸುಮ್ಮನೆ ಕೂರಿಸಿ, ಅನಂತರವೇ ಉಪಕರಣವನ್ನು ಚರ್ಮಕ್ಕೆ ತಾಗಿಸುತ್ತಾರೆ.