ಲಾರಿಯ ಹೊಗೆಯೂ ಯೂರಿಯಾ ದ್ರಾವಣವೂ

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯ ಎರೆಹೊಲಗಳ ರೈತರಿಗೆ ಯೂರಿಯಾ ಹೊಸ ವಸ್ತುವಲ್ಲ. ಗೋವಿನಜೋಳಕ್ಕೆ ಹಾಕುವ ಆ ಬಿಳಿಯ ಹರಳುಗಳನ್ನು ಮಕ್ಕಳೂ ಬಲ್ಲರು. ಆದರೆ ಸುಗ್ಗಿಯ ಮಾಲನ್ನು ಹೊರಲು ಬರುವ ಹೊಸ ಲಾರಿಗೂ ಯೂರಿಯಾ ಬೇಕೆಂದರೆ ಕೆಲವರಿಗಾದರೂ ಅಚ್ಚರಿಯಾದೀತು. ಅದೇಕೆಂಬುದನ್ನು ನಾವೀಗ ವಿಚಾರಿಸೋಣ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಪಿಸ್ಟನ್ನು ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ, ಒಳಕ್ಕೆ ಸಿಂಪಡಿಸಿದ ಎಣ್ಣೆ ಹೊತ್ತಿಕೊಳ್ಳುವುದು. ಎಣ್ಣೆಗೆ ಗಾಳಿ ಸಾಲದ ಕಡೆ ಇಂಗಾಲದ ಮಸಿಯಾಗುವುದು. ಉರಿ ಅತಿಯಾದ ಕಡೆ, ಸಾಮಾನ್ಯವಾಗಿ ಜಡವಾಗಿರುವ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಆಕ್ಸೈಡುಗಳಾಗುವುದು. ಉರಿಯನ್ನು ತಗ್ಗಿಸಿದರೆ ಮಸಿ ಹೆಚ್ಚು, ಏರಿಸಿದರೆ ಆಕ್ಸೈಡು ಹೆಚ್ಚು. ಈ ಇಕ್ಕಟ್ಟಿನಿಂದ ಪಾರಾಗಲು ಹೊಗೆಯನ್ನು ಎಂಜಿನ್ನಿನಿಂದ ಹೊರಟ ಮೇಲೆ, ಸೈಲೆನ್ಸರಿನ ದಾರಿಯಲ್ಲಿಯೇ ಶುದ್ಧಿಮಾಡುವ ಉಪಾಯವನ್ನು ಎಂಜಿನಿಯರರು ಹೂಡಿದರು. ಡೀಸೆಲ್ ಹೊಗೆಯು ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2012ರಲ್ಲಿ ನಿರ್ಣಯಿಸಿದೆ. ಆದಕಾರಣ ಇದು ಬರಿಯ ಮಸಿಯ ಪ್ರಶ್ನೆಯಲ್ಲ.

ಭಾರತದಲ್ಲಿ 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮವು ಲಾರಿಯ ಎಂಜಿನ್ನು ಹೊರಬಿಡಬಹುದಾದ ಸಾರಜನಕದ ಆಕ್ಸೈಡನ್ನು ಕಿಲೋವಾಟ್-ಗಂಟೆಗೆ 3.5 ಗ್ರಾಮಿನಿಂದ ಸುಮಾರು 0.4 ಗ್ರಾಮಿಗೆ ಇಳಿಸಿತು. ಅದರೊಡನೆ ಡೀಸೆಲ್ಲಿನ ಗಂಧಕವೂ ದಶಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಗಂಧಕವು ಕ್ರಿಯಾವರ್ಧಕಗಳ ಶಕ್ತಿಯನ್ನು ಕುಂದಿಸುತ್ತದೆ.

ಹೊಗೆಯು ಮೊದಲು ಜೇನುಗೂಡಿನಂತಹ ಪಿಂಗಾಣಿಯ ತುಂಡನ್ನು ಹಾಯುವುದು. ಅದಕ್ಕೆ ಲೇಪಿಸಿದ ಪ್ಲಾಟಿನಂ, ಪಲ್ಲೇಡಿಯಂಗಳ ಸಹಾಯದಿಂದ ಇಂಗಾಲದ ಮಾನಾಕ್ಸೈಡೂ ಅರೆಬೆಂದ ಎಣ್ಣೆಯ ಆವಿಯೂ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿಯಾಗುವುವು. ತರುವಾಯ ಮಸಿಯ ಸೋಸುಗ. ಇದರ ಕೊಳವೆಗಳಲ್ಲಿ ಒಂದರ ಮುಂಬಾಯಿ ಮುಚ್ಚಿದ್ದರೆ, ಪಕ್ಕದ್ದರ ಹಿಂಬಾಯಿ ಮುಚ್ಚಿರುತ್ತದೆ. ಅನಿಲವು ರಂಧ್ರಮಯ ಗೋಡೆಯ ಮೂಲಕ ನುಸುಳಿ ಹೋಗುವುದು, ಮಸಿ ಹಿಂದುಳಿಯುವುದು. ಕೂಡಿದ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆಗಾಗ ಸುಡಬೇಕು. ನಿಂತು ನಿಂತು ಸಾಗುವ ಲಾರಿಗೆ ಅಷ್ಟು ಕಾವು ಒದಗುವುದು ಕಷ್ಟ. ಸೋಸುಗ ಕಟ್ಟಿಕೊಳ್ಳುವ ದೂರು ಹುಟ್ಟುವುದು ಬಹುಶಃ ಇಲ್ಲಿಯೇ.

ಇನ್ನು ಉಳಿದದ್ದು ಸಾರಜನಕದ ಆಕ್ಸೈಡು. ಪೆಟ್ರೋಲ್ ಕಾರಿನ ಉಪಾಯ ಇಲ್ಲಿ ಸಾಗದು. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಧಾರಾಳವಾಗಿ ಉಳಿದಿರುವುದೇ ಅಡ್ಡಿ. ಆದುದರಿಂದ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು ಇರುವ ದ್ರಾವಣವನ್ನು ಬಿಸಿ ಹೊಗೆಯೊಳಕ್ಕೆ ಸಿಂಪಡಿಸುವರು. ಈ ಪ್ರಮಾಣದ ದ್ರಾವಣವು ಸೊನ್ನೆಗಿಂತ 11 ಡಿಗ್ರಿ ಕೆಳಗಷ್ಟೇ ಹೆಪ್ಪುಗಟ್ಟುವುದು. ಬೇರಾವ ಪ್ರಮಾಣದಲ್ಲಿಯೂ ಅಷ್ಟು ತಂಪನ್ನು ತಾಳದು. ಕಾವಿನಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುವುದು. ಅಮೋನಿಯಾ ಮತ್ತು ಆಕ್ಸೈಡುಗಳು ಮುಂದಿನ ಕ್ರಿಯಾವರ್ಧಕದ ಮೇಲೆ ಸಂಧಿಸಿ ಸಾರಜನಕವೂ ನೀರೂ ಆಗುವುವು. ಹೊರಬರುವ ಸಾರಜನಕದ ಅಣುವಿನಲ್ಲಿ ಒಂದು ಪರಮಾಣು ಹೊಗೆಯದು, ಇನ್ನೊಂದು ಯೂರಿಯಾದ್ದು. ಈ ಮಿಲನವೇ ನಮಗೆ ಇಡೀ ಯಂತ್ರದಲ್ಲಿ ಅತ್ಯಂತ ಸೊಗಸಾಗಿ ತೋರುವ ಭಾಗ.

ಹಾಗಾದರೆ ಗೊಬ್ಬರದ ಚೀಲದ ಯೂರಿಯಾವನ್ನೇ ನೀರಿನಲ್ಲಿ ಕದಡಿ ಸುರಿಯಬಾರದೆ? ಸರ್ವಥಾ ಕೂಡದು. 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನವಿದೆ. ಬೈಯುರೆಟ್ ಎಂಬ ಕಲ್ಮಷವೂ ಹೆಚ್ಚು. ಕೊಳವೆಬಾವಿಯ ನೀರಿನ ಲವಣಗಳು ಸೇರಿದರೆ ಸಿಂಪಡಿಸುವ ಮೂತಿ ಕಟ್ಟುವುದು, ಕ್ರಿಯಾವರ್ಧಕ ಕೆಡುವುದು. ರೈತರಿಗಾಗಿ ಸರಕಾರವು ರಿಯಾಯತಿಯಲ್ಲಿ ಕೊಡುವ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ದ್ರಾವಣ ತೀರಿದರೆ ಎಂಜಿನ್ನಿನ ಬಲವನ್ನು ತಗ್ಗಿಸುವ ಏರ್ಪಾಟು ಲಾರಿಯಲ್ಲಿದೆ. ಅದನ್ನು ವಂಚಿಸುವ ಉಪಕರಣಗಳೂ ಉಂಟು. ಅಂತಹ ಲಾರಿಯ ಹೊಗೆ ಕಪ್ಪಾಗಿ ಕಾಣಬೇಕೆಂದಿಲ್ಲ. ಸಾರಜನಕದ ಆಕ್ಸೈಡು ಬಹುಮಟ್ಟಿಗೆ ಕಣ್ಣಿಗೆ ಬೀಳದೆಯೇ ಹೊರಡುವುದು, ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದಲ್ಲಿ ಓಜೋನನ್ನು ಹುಟ್ಟಿಸುವುದು. ಆ ಓಜೋನು ಶ್ವಾಸಕೋಶಕ್ಕೂ, ಗೋಧಿ, ಸೋಯಾಬೀನುಗಳ ಇಳುವರಿಗೂ ಹಾನಿಕರ.