ಕುಸಿತ ಬೇರೆ, ಕೈಚೆಲ್ಲುವುದು ಬೇರೆ

ಗೆಲ್ಲುವಂತಿದ್ದ ತಂಡ ಸೋತ ಕೂಡಲೇ ಟಿವಿ ಮುಂದೆ ಕೂತವರು ತೀರ್ಪು ಕೊಟ್ಟುಬಿಡುತ್ತಾರೆ: ‘ಒತ್ತಡ ತಡೆಯೋಕಾಗ್ಲಿಲ್ಲ, ಚೋಕ್ ಆದ್ರು.’ ಆಟ ನೋಡುವುದನ್ನು ಈಗಷ್ಟೇ ರೂಢಿಸಿಕೊಳ್ಳುತ್ತಿರುವವರಿಗೆ ಇಲ್ಲೇ ಗೊಂದಲ ಶುರುವಾಗುತ್ತದೆ. ಸೋತವರೆಲ್ಲ ಚೋಕ್ ಆದವರೇನು? ಖಂಡಿತ ಅಲ್ಲ. ಸೋಲಿನಲ್ಲೂ ಬಗೆಗಳಿವೆ. ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಕುಸಿತ. ಕಡಿಮೆ ಹೊತ್ತಿನಲ್ಲಿ ಸಾಲುಸಾಲಾಗಿ ವಿಕೆಟ್ ಬೀಳುವುದೇ ಕುಸಿತ. 2020ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಅಡಿಲೇಡ್ ಟೆಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಇನಿಂಗ್ಸ್‌ನಲ್ಲಿ ಭಾರತಕ್ಕೆ 53 ರನ್‌ಗಳ ಮುನ್ನಡೆ ಸಿಕ್ಕಿತ್ತು. ಎರಡನೇ ದಿನದಾಟ ಮುಗಿದಾಗ ಎರಡನೇ ಇನಿಂಗ್ಸ್‌ನಲ್ಲಿ ಒಂದು ವಿಕೆಟ್‌ಗೆ 9 ರನ್ ಆಗಿತ್ತು. ಮರುದಿನ ಮೊತ್ತ 15ರಲ್ಲೇ ನಿಂತಿರುವಾಗ ನಾಲ್ಕು ವಿಕೆಟ್‌ಗಳು ಉರುಳಿದವು. ಒಟ್ಟು 36 ರನ್‌ಗೆ ಇನಿಂಗ್ಸ್ ಮುಗಿದುಹೋಯಿತು. ಭಾರತದ ಟೆಸ್ಟ್ ಇತಿಹಾಸದಲ್ಲೇ ಇದು ಅತಿ ಕಡಿಮೆ ಮೊತ್ತ. ಯಾರೊಬ್ಬರೂ ಎರಡಂಕಿ ಮುಟ್ಟಲಿಲ್ಲ. ನಮ್ಮ ಮಯಂಕ್ ಅಗರವಾಲ್ ಗಳಿಸಿದ 9 ರನ್ನೇ ಗರಿಷ್ಠ.

ಇದನ್ನು ಚೋಕ್ ಎನ್ನಬಹುದೇ? ವಿಕೆಟ್ ಬಿದ್ದ ಬಗೆ ನೋಡಿ. ಪೂಜಾರ, ಮಯಂಕ್, ರಹಾನೆ ಮೂವರೂ ವಿಕೆಟ್ ಕೀಪರ್‌ಗೆ ಕ್ಯಾಚ್ ಕೊಟ್ಟು ಔಟಾದರು. ಆಸ್ಟ್ರೇಲಿಯಾದ ಹೇಜಲ್‌ವುಡ್ ಬರೀ 8 ರನ್ ಕೊಟ್ಟು 5 ವಿಕೆಟ್ ಕಿತ್ತರು. ಚೆಂಡೇ ಹಾಗಿತ್ತು, ಬೌಲರ್‌ಗಳೂ ಹಾಗೆ ಎಸೆದರು. ಗೆಲುವಂತೂ ಇನ್ನೂ ದೂರದಲ್ಲಿತ್ತು. ಹಾಗಾಗಿ ಇದು ಕುಸಿತ, ಅಷ್ಟೇ. ಇದೇ ಭಾರತ ಆ ಸರಣಿಯನ್ನು 2-1ರಿಂದ ಗೆದ್ದುಕೊಂಡು ಬಂತು.

ಈಗ ಚೋಕ್‌ಗೆ ಬರೋಣ. 1993ರ ವಿಂಬಲ್ಡನ್ ಮಹಿಳಾ ಫೈನಲ್. ಜೆಕ್ ಆಟಗಾರ್ತಿ ಯಾನಾ ನೊವೊಟ್ನಾ ಎದುರು ಸ್ಟೆಫಿ ಗ್ರಾಫ್. ಕೊನೆಯ ಸೆಟ್‌ನಲ್ಲಿ ನೊವೊಟ್ನಾ 4-1ರಿಂದ ಮುಂದಿದ್ದರು. ಸರ್ವ್ ಕೂಡ ಅವರದೇ, ಅಂಕ 40-30. ಇನ್ನೊಂದು ಪಾಯಿಂಟ್ ಸಿಕ್ಕಿದ್ದರೆ 5-1. ಅಲ್ಲಿ ಅವರು ಡಬಲ್ ಫಾಲ್ಟ್ ಮಾಡಿದರು. ಎರಡನೇ ಸರ್ವ್ ಗೆರೆ ದಾಟಿ ಎಲ್ಲೋ ಹೋಗಿ ಬಿತ್ತು. ಆಮೇಲೆ ಒಂದು ಗೇಮ್ ಕೂಡ ಅವರಿಗೆ ದಕ್ಕಲಿಲ್ಲ. ಗ್ರಾಫ್ ಸತತ ಐದು ಗೇಮ್ ಗೆದ್ದು ಪ್ರಶಸ್ತಿ ಒಯ್ದರು. ಬಹುಮಾನ ವಿತರಣೆಯಲ್ಲಿ ನೊವೊಟ್ನಾ ಕೆಂಟ್‌ನ ಡಚೆಸ್ ಅವರ ಹೆಗಲಿಗೊರಗಿ ಅತ್ತ ಚಿತ್ರವನ್ನು ಟೆನಿಸ್ ಲೋಕ ಇನ್ನೂ ಮರೆತಿಲ್ಲ.

ಅಡಿಲೇಡ್‌ಗೂ ಇದಕ್ಕೂ ವ್ಯತ್ಯಾಸ ಗಮನಿಸಿ. ಸರ್ವ್ ಮಾಡುವಾಗ ಎದುರಾಳಿಯ ಕೈವಾಡವೇನೂ ಇರುವುದಿಲ್ಲ. ಚೆಂಡು, ರ‍್ಯಾಕೆಟ್, ವೇಳೆ ಎಲ್ಲವೂ ಆಡುವವರ ಹಿಡಿತದಲ್ಲೇ ಇರುತ್ತವೆ. ಜೀವನದಲ್ಲಿ ಸಾವಿರಾರು ಸಲ ಮಾಡಿದ ಕೆಲಸ, ಗೆಲುವು ಕೈಗೆಟುಕುವ ಹೊತ್ತಿಗೆ ಕೈಕೊಟ್ಟಿತು. ಚೋಕ್ ಎಂದರೆ ಇದು.

ಹೀಗೇಕಾಗುತ್ತದೆ? ಮಗ್ಗಿಯನ್ನು ಗಡಗಡನೆ ಒಪ್ಪಿಸುತ್ತಿರುವ ಹುಡುಗನನ್ನು ನಡುವೆ ತಡೆದು ‘ಹದಿಮೂರು ಏಳಲೆ ಎಷ್ಟೋ?’ ಎಂದು ಕೇಳಿ. ಬಾಯಿಗೆ ತಾನಾಗಿ ಬರುತ್ತಿದ್ದದ್ದು ತಡವರಿಸುತ್ತದೆ. ಅಭ್ಯಾಸದಿಂದ ಮೈಗೂಡಿದ ಕೆಲಸದ ಮೇಲೆ ಮನಸ್ಸು ಕಾವಲು ಕೂತರೆ ಕೆಲಸ ಕೆಡುತ್ತದೆ. ಕ್ರೀಡಾ ಮನಶ್ಶಾಸ್ತ್ರ ಇದಕ್ಕೆ ಮುಖ್ಯವಾಗಿ ಎರಡು ಕಾರಣ ಕೊಡುತ್ತದೆ. ಒಂದು, ‘ಸೋತರೆ ಏನು ಗತಿ’ ಎಂಬ ಚಿಂತೆ ತಲೆಯಲ್ಲಿ ಜಾಗ ಹಿಡಿದು ಆಟದ ಮೇಲಿನ ಗಮನ ಕರಗುವುದು. ಇನ್ನೊಂದು, ಮೊಣಕೈ ಎಷ್ಟು ಮಡಚಬೇಕು, ಚೆಂಡು ಎಷ್ಟೆತ್ತರ ಹಾರಿಸಬೇಕು ಎಂದು ಪ್ರತಿ ಹಂತದ ಮೇಲೂ ಬೇಕೆಂದೇ ನಿಗಾ ಇಡುವುದು. ಹೊಸಬರಿಗಿಂತ ಪಳಗಿದವರಿಗೇ ಈ ಎರಡನೆಯದು ಹೆಚ್ಚು ಕಾಟ ಕೊಡುತ್ತದೆ. ಯಾಕೆಂದರೆ ಹಂತಹಂತವಾಗಿ ಯೋಚಿಸುವುದನ್ನು ಅವರು ಎಂದೋ ಬಿಟ್ಟಿರುತ್ತಾರೆ.

ತಂಡದ ಆಟದಲ್ಲೂ ಹೀಗಾಗುತ್ತದೆ. 1999ರ ಜೂನ್ 17ರಂದು ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾದ 213ಕ್ಕೆ ಉತ್ತರವಾಗಿ ದಕ್ಷಿಣ ಆಫ್ರಿಕಾಕ್ಕೆ ಕೊನೆಯ ಓವರ್‌ನಲ್ಲಿ 9 ರನ್ ಬೇಕು, ಉಳಿದಿರುವುದು ಒಂದೇ ವಿಕೆಟ್. ಲ್ಯಾನ್ಸ್ ಕ್ಲೂಸ್ನರ್ ಮೊದಲೆರಡು ಚೆಂಡನ್ನೂ ಬೌಂಡರಿಗೆ ಅಟ್ಟಿದರು. ಮೊತ್ತ ಸಮ, ನಾಲ್ಕು ಚೆಂಡಿಗೆ ಒಂದು ರನ್. ಮೂರನೇ ಚೆಂಡಿಗೆ ಅಲನ್ ಡೊನಾಲ್ಡ್ ಕ್ರೀಸ್ ಬಿಟ್ಟು ಮುಂದೆ ಬಂದು ರನ್‌ಔಟ್‌ನಿಂದ ಕೂದಲೆಳೆಯಲ್ಲಿ ಪಾರಾದರು. ನಾಲ್ಕನೆಯದಕ್ಕೆ ಕ್ಲೂಸ್ನರ್ ಓಡಿಬಂದರೆ, ಡೊನಾಲ್ಡ್ ಚೆಂಡನ್ನೇ ನೋಡುತ್ತ ನಿಂತಿದ್ದರು. ಓಡಬೇಕೆಂದು ಹೊಳೆಯುವಷ್ಟರಲ್ಲಿ ಕೈಯಿಂದ ಬ್ಯಾಟೂ ಜಾರಿ ಬಿದ್ದಿತ್ತು. ರನ್‌ಔಟ್! ಪಂದ್ಯ ಟೈ, ಹಿಂದಿನ ಹಂತವಾದ ಸೂಪರ್ ಸಿಕ್ಸ್ ಪಟ್ಟಿಯಲ್ಲಿ ಮೇಲಿದ್ದ ಆಸ್ಟ್ರೇಲಿಯಾ ಫೈನಲ್‌ಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಕ್ಷಿಣ ಆಫ್ರಿಕಾಕ್ಕೆ ‘ಚೋಕರ್ಸ್’ ಎಂಬ ಹಣೆಪಟ್ಟಿ ಗಟ್ಟಿಯಾಗಿ ಅಂಟಿಕೊಂಡಿತು.

ಆದರೆ ಹಣೆಪಟ್ಟಿ ಹಚ್ಚುವ ಮುಂಚೆ ತುಸು ತಾಳಬೇಕು. ಅದೇ ವರ್ಷ ಜನವರಿ 31ರಂದು ಚೆನ್ನೈನ ಚೆಪಾಕ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್‌ನಲ್ಲಿ ಭಾರತ 271 ರನ್ ಬೆನ್ನಟ್ಟಿತ್ತು. ಬೆನ್ನುನೋವಿನಲ್ಲೇ ಆಡಿದ ಸಚಿನ್ ತೆಂಡೂಲ್ಕರ್ 136 ಹೊಡೆದು ಔಟಾದಾಗ ಬೇಕಿದ್ದದ್ದು 17 ರನ್ ಮಾತ್ರ. ಉಳಿದವರು ನಾಲ್ವರು: ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. ನಾಲ್ವರೂ ಕರ್ನಾಟಕದವರೇ! 254ರಲ್ಲಿದ್ದ ಮೊತ್ತ 258 ಆಗುವಷ್ಟರಲ್ಲಿ ಎಲ್ಲ ಮುಗಿದು 12 ರನ್‌ಗಳ ಸೋಲು. ಬಾಲಂಗೋಚಿಗಳು ಹೆದರಿದರು ಎಂದವರಿದ್ದಾರೆ. ಆದರೆ ಎದುರಿಗಿದ್ದವರು ಸಕ್ಲೇನ್ ಮುಷ್ತಾಕ್ ಮತ್ತು ವಾಸಿಂ ಅಕ್ರಂ. ಇದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ಪಾಕಿಸ್ತಾನವೂ ನಾಲ್ಕು ವಿಕೆಟ್‌ಗೆ 275 ಇದ್ದದ್ದು 286ಕ್ಕೆ ಆಲೌಟ್ ಆಗಿತ್ತು. ಅದನ್ನು ಯಾರೂ ಚೋಕ್ ಎನ್ನಲಿಲ್ಲ. 33 ರನ್‌ಗೆ 6 ವಿಕೆಟ್ ಪಡೆದ ಪ್ರಸಾದ್ ಅವರ ಅದ್ಭುತ ಬೌಲಿಂಗ್ ಎಂದರು.

ಇನ್ನೊಂದು ಪಂದ್ಯ ಪಕ್ಕಕ್ಕಿಟ್ಟು ನೋಡಿ. 1996ರ ಅಕ್ಟೋಬರ್, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟೈಟಾನ್ ಕಪ್. ಆಸ್ಟ್ರೇಲಿಯಾ ವಿರುದ್ಧ 216 ಬೇಕು. ಇಲ್ಲೂ ತೆಂಡೂಲ್ಕರ್ ಔಟಾಗಿ ಹೋದರು, 8 ವಿಕೆಟ್‌ಗೆ 164. ಇನ್ನೂ 52 ರನ್ ಬೇಕಿತ್ತು. ಇದೇ ಶ್ರೀನಾಥ್, ಇದೇ ಕುಂಬ್ಳೆ ಮುರಿಯದ ಜೊತೆಯಾಟದಲ್ಲಿ ಅಷ್ಟನ್ನೂ ಹೊಡೆದು ಗೆಲ್ಲಿಸಿದರು. ಹಾಗಾದರೆ ಅವರು ಎದೆಗಾರರೋ ಪುಕ್ಕಲರೋ? ಎರಡೂ ಅಲ್ಲ. ಚೋಕ್ ಎಂಬುದು ಒಂದು ಗಳಿಗೆಯಲ್ಲಿ ಆಗುವಂಥದ್ದು, ಅದನ್ನು ಆಟಗಾರನ ಸ್ವಭಾವ ಎಂದು ಬರೆದಿಡುವುದು ತಪ್ಪು. ನೊವೊಟ್ನಾ 1998ರಲ್ಲಿ ವಿಂಬಲ್ಡನ್ ಗೆದ್ದರು. ದಕ್ಷಿಣ ಆಫ್ರಿಕಾ 2025ರಲ್ಲಿ ಲಾರ್ಡ್ಸ್‌ನಲ್ಲಿ ಅದೇ ಆಸ್ಟ್ರೇಲಿಯಾ ಎದುರು 282 ರನ್ ಬೆನ್ನಟ್ಟಿ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತು.

ಮುಂದಿನ ಸಲ ಪಂದ್ಯ ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಗೆಲುವು ನಿಜಕ್ಕೂ ಹತ್ತಿರವಿತ್ತೇ? ತಪ್ಪಿದ್ದು ದಿನನಿತ್ಯ ಸಲೀಸಾಗಿ ಮಾಡುವ ಕೆಲಸವೇ? ಎದುರಾಳಿ ಆ ಹೊತ್ತಿನಲ್ಲಿ ಏನು ಮಾಡಿದ? ಅಭ್ಯಾಸಕ್ಕೆ 2024ರ ಟಿ20 ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ. ಭಾರತದ ಎದುರು ದಕ್ಷಿಣ ಆಫ್ರಿಕಾಕ್ಕೆ 30 ಎಸೆತದಲ್ಲಿ 30 ರನ್ ಬೇಕಿತ್ತು, ಕೈಯಲ್ಲಿ 6 ವಿಕೆಟ್. ಸೋತದ್ದು 7 ರನ್‌ನಿಂದ. ಮೊದಲ ಪ್ರಶ್ನೆಗೆ ಉತ್ತರ ಹೌದು. ಆದರೆ ಆ ಐದು ಓವರ್‌ಗಳ ಪೈಕಿ ಬೂಮ್ರಾ ಎಸೆದ ಎರಡರಲ್ಲಿ ಬಂದದ್ದು ಬರೀ 6 ರನ್. ಕೊನೆಯ ಓವರ್‌ನ ಮೊದಲ ಚೆಂಡಿಗೇ ಸಿಕ್ಸರ್ ಆಗಬೇಕಿದ್ದ ಮಿಲ್ಲರ್ ಹೊಡೆತವನ್ನು ಸೂರ್ಯಕುಮಾರ್ ಯಾದವ್ ಬೌಂಡರಿ ಗೆರೆಯಲ್ಲಿ ಹಿಡಿದರು. ಅವರು ಕೈಚೆಲ್ಲಿದರು ಎನ್ನುವುದಕ್ಕಿಂತ ಭಾರತ ಕಸಿದುಕೊಂಡಿತು ಎನ್ನುವುದೇ ಸರಿ ಎಂದು ನನ್ನ ಎಣಿಕೆ. ನೀವು ಆ ಐದು ಓವರ್ ಇನ್ನೊಮ್ಮೆ ನೋಡಿ, ಬೇರೆ ಉತ್ತರಕ್ಕೆ ಬಂದರೂ ತಪ್ಪಿಲ್ಲ. ಯಾವ ಚೆಂಡನ್ನು ನೋಡಿ ಹಾಗೆನ್ನುತ್ತೀರಿ ಎಂದು ಮಾತ್ರ ಹೇಳುವಂತಿರಬೇಕು.